ಶಬ್ದಮೂಲ: ಟೆಲಿವಿಷನ್

ನಮ್ಮೆಲ್ಲರ ಮನೆಗಳಲ್ಲಿ ಪ್ರತಿಷ್ಠಾಪಿತವಾಗಿರುವ ಟೆಲಿವಿಷನ್ನಿನ ಹೆಸರು ಎರಡು ಪ್ರಾಚೀನ ಭಾಷೆಗಳ ಬೆರಕೆಯೆಂಬುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ‘ಟೆಲಿ’ ಎಂದರೆ ಗ್ರೀಕ್ ಭಾಷೆಯಲ್ಲಿ ದೂರ. ಹೋಮರನ ಕಾವ್ಯದಲ್ಲಿ ಬರುವ ಟೆಲಿಮೇಕಸ್ ಎಂಬ ಹೆಸರಿನಲ್ಲಿರುವುದೂ ಇದೇ ಪದ. ದೂರದಿಂದ ಕಾದುವವನು ಎಂದು ಅದರ ಅರ್ಥ. ‘ವಿಷನ್’ ಲ್ಯಾಟಿನ್ನಿನ ‘ವಿಸಿಯೊ’, ಅಂದರೆ ನೋಟ. ಅದರ ಮೂಲ ‘ನೋಡು’ ಎಂಬರ್ಥದ ‘ವಿದೇರೆ’. ‘ನಾನು ನೋಡುತ್ತೇನೆ’ ಎಂಬ ಅದರ ರೂಪವೇ ‘ವಿಡಿಯೊ’. ವೇದ, ವಿದ್ಯೆಗಳಲ್ಲಿರುವ ಸಂಸ್ಕೃತದ ‘ವಿದ್’ ಧಾತು ಇದರ ದೂರದ ಬಂಧು. ಅಲ್ಲಿ ಕಾಣುವುದು, ಇಲ್ಲಿ ಅರಿಯುವುದು.

ಈ ಜೋಡಣೆ ಪ್ರಾಚೀನರದ್ದಲ್ಲ. 1900ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನದಲ್ಲಿ ರಷ್ಯಾದ ಕಾನ್‌ಸ್ಟಾಂಟಿನ್ ಪೆರ್ಸ್ಕಿ ಫ್ರೆಂಚ್ ಭಾಷೆಯಲ್ಲಿ ಓದಿದ ಪ್ರಬಂಧದಿಂದ ಪದ ಪ್ರಚಾರಕ್ಕೆ ಬಂತು. ಲಂಡನ್ನಿನಲ್ಲಿ ಬೇರ್ಡ್ ತನ್ನ ಯಂತ್ರವನ್ನು ಪ್ರದರ್ಶಿಸಿದ್ದು 1926ರಲ್ಲಿ. ಹೆಸರು ಮೊದಲು, ವಸ್ತು ಆಮೇಲೆ!

ಗ್ರೀಕಿಗೆ ಲ್ಯಾಟಿನ್ ಬೆಸೆದದ್ದು ಇಂಗ್ಲೆಂಡಿನ ಪಂಡಿತರಿಗೆ ರುಚಿಸಲಿಲ್ಲ. ಅರ್ಧ ಗ್ರೀಕ್, ಅರ್ಧ ಲ್ಯಾಟಿನ್ ಆದ ಪದದಿಂದ ಒಳಿತಾಗದೆಂದು ‘ಮ್ಯಾಂಚೆಸ್ಟರ್ ಗಾರ್ಡಿಯನ್’ ಸಂಪಾದಕ ಸಿ. ಪಿ. ಸ್ಕಾಟ್ ಹಳಿದನೆಂಬ ಮಾತೊಂದು ಪ್ರಸಿದ್ಧವಾಗಿದೆ. ಈ ಆಕ್ಷೇಪ ಕನ್ನಡಿಗರಾದ ನಮಗೆ ಹೊಸದಲ್ಲ. ಕನ್ನಡ ಸಂಸ್ಕೃತಗಳನ್ನು ಬೆರೆಸಿ ಸಮಾಸ ಮಾಡಿದರೆ ಅದು ಅರಿಸಮಾಸವೆಂದು ನಮ್ಮ ವೈಯಾಕರಣರು ನಿಷೇಧಿಸಿದರು. ಹದಿಮೂರನೆಯ ಶತಮಾನದ ಕೇಶಿರಾಜ ಬಿರುದಾವಳಿಯಂಥವುಗಳಿಗೆ ಮಾತ್ರ ವಿನಾಯಿತಿ ಕೊಟ್ಟ. ಆದರೂ ಕನ್ನಡದ ಮಳೆಯೂ ಸಂಸ್ಕೃತದ ಕಾಲವೂ ಕೂಡಿ ‘ಮಳೆಗಾಲ’ ಆಗಿಯೇ ಆಯಿತು. ಬಳಕೆಯ ಮುಂದೆ ವ್ಯಾಕರಣದ ಆಜ್ಞೆ ನಡೆಯುವುದು ಅಷ್ಟಕ್ಕಷ್ಟೆ ಎಂದು ನಮಗನ್ನಿಸುತ್ತದೆ.

ಸ್ವತಃ ಗ್ರೀಕರು ಲ್ಯಾಟಿನ್ ಭಾಗವನ್ನು ಕಿತ್ತು, ತಮ್ಮದೇ ಪದವನ್ನಿಟ್ಟು ‘ತಿಲೆಒರಾಸಿ’ ಎನ್ನುತ್ತಾರೆ. ಜರ್ಮನರದು ಅಪ್ಪಟ ಸ್ವದೇಶಿ ‘ಫೆರ್ನ್‌ಸೇಯೆನ್’, ದೂರನೋಟ. ನಮ್ಮ ‘ದೂರದರ್ಶನ’ದ ಎರಡು ಭಾಗಗಳೂ ಸಂಸ್ಕೃತವಾದ್ದರಿಂದ ಸ್ಕಾಟ್ ಕೂಡ ಒಪ್ಪುತ್ತಿದ್ದನೇನೋ. ದೇವರ ದರ್ಶನಕ್ಕೆ ಸಲ್ಲುವ ಮಾತು ಧಾರಾವಾಹಿಗೂ ಸಂದಿತೆಂಬುದು ಬೇರೆ ವಿಷಯ!

ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಪ್ರಾಯೋಗಿಕ ಪ್ರಸಾರ ಆರಂಭವಾಯಿತು; ಮುಂಬಯಿ ಕೇಂದ್ರ 1972ರಲ್ಲಿ ಬಂತು. 1976ರಲ್ಲಿ ಆಕಾಶವಾಣಿಯಿಂದ ಬೇರ್ಪಟ್ಟ ಸಂಸ್ಥೆಗೆ ದೂರದರ್ಶನವೆಂಬುದೇ ಅಂಕಿತನಾಮವಾಯಿತು. ಖಾಸಗಿ ವಾಹಿನಿಗಳು ಬಂದ ಮೇಲಂತೂ ಆ ಪದ ಸರಕಾರಿ ವಾಹಿನಿಗೇ ಮೀಸಲಾಗಿ, ಪೆಟ್ಟಿಗೆಗೆ ‘ಟಿ.ವಿ.’ ಎಂಬ ಎರಡಕ್ಷರ ಉಳಿಯಿತು. ಪತ್ರಿಕೆಯವರ ‘ಕಿರುತೆರೆ’ ಮಾತ್ರ ಎರಡೂ ಕಡೆಯಿಂದ ಅಚ್ಚಗನ್ನಡ. ಕೇಶಿರಾಜನೂ ತಕರಾರು ಮಾಡಲಾರ.