ಕರಾವಳಿಯ ಸ್ತ್ರೀಸ್ಮೃತಿ ಮತ್ತು ಇತಿಹಾಸದ ಆಧಾರ

ಭಟ್ಕಳ, ಹೊನ್ನಾವರ, ಕುಮಟೆಗಳ ಇತಿಹಾಸವನ್ನು ನಾವು ಬಹುಮಟ್ಟಿಗೆ ಶಾಸನಗಳಿಂದಲೂ ಪರದೇಶೀಯರ ಬರಹಗಳಿಂದಲೂ ರಚಿಸಿಕೊಂಡಿದ್ದೇವೆ. 1505ರಲ್ಲಿ ಹೊನ್ನಾವರವನ್ನೂ 1542ರಲ್ಲಿ ಭಟ್ಕಳವನ್ನೂ ಪೋರ್ಚುಗೀಸರು ಸುಟ್ಟ ಸಂಗತಿ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಮೆಣಸಿನ ವ್ಯಾಪಾರ, ಇವು ಹಾಗೆ ತಿಳಿದುಬಂದವು. ಆದರೆ ಸ್ತ್ರೀಯರು ಕಂಠಸ್ಥವಾಗಿ ಉಳಿಸಿಕೊಂಡು ಬಂದುದನ್ನು ಆಧಾರವೆಂದು ಎಣಿಸಬಹುದೆ? ಎಣಿಸುವುದಾದರೆ ಎಷ್ಟರಮಟ್ಟಿಗೆ?

ಇಲ್ಲಿ ಹೊರನಾಡಿನ ನಿದರ್ಶನವೊಂದು ಸಹಾಯಕವಾಗುತ್ತದೆ. 1492ರಲ್ಲಿ ಸ್ಪೇನಿನಿಂದ ಹೊರದೂಡಲ್ಪಟ್ಟ ಯೆಹೂದ್ಯರು ಸಲೋನಿಕ, ಇಸ್ತಾಂಬುಲ್, ಮೊರಾಕ್ಕೊಗಳಲ್ಲಿ ನೆಲೆಸಿದರು. ಅವರ ಸ್ತ್ರೀಯರು ಹಳೆಯ ಸ್ಪೇನಿನ ಕಥನಗೀತೆಗಳನ್ನು ಮದುವೆಯಲ್ಲಿಯೂ ತೊಟ್ಟಿಲ ಬಳಿಯಲ್ಲಿಯೂ ಹಾಡುತ್ತ 400 ವರ್ಷಗಳಿಗೂ ಮಿಕ್ಕಿ ಕಾಪಾಡಿದರು. ವಿದ್ವಾಂಸ ಮೆನೆಂದೆಸ್ ಪಿದಾಲ್ 1906-07ರಲ್ಲಿ ಅವುಗಳ ಸೂಚಿಯನ್ನು ಪ್ರಕಟಿಸಿದರು. ಆದರೆ ಹಾಡುಗಳು ಇದ್ದಂತೆಯೇ ಉಳಿಯಲಿಲ್ಲ. ಅನೇಕ ಕಡೆ ಕ್ರೈಸ್ತ ಮತದ ಅಂಶಗಳು ಉದುರಿಹೋದವು. ಸ್ಮೃತಿಯು ಉಳಿಸುತ್ತದೆ, ಉಳಿಸುವಾಗಲೇ ಮಾರ್ಪಡಿಸುತ್ತದೆ.

ನಮ್ಮ ಕರಾವಳಿಯಲ್ಲಿ ಸ್ತ್ರೀಯರ ಕಂಠಪಾಠಕ್ಕೆ ಹಳೆಯ ಲಿಖಿತ ಸಾಕ್ಷ್ಯವೇ ಇದೆ. 14ನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತನು, ಅಲ್ಲಿನ ಮುಸಲ್ಮಾನ ಸ್ತ್ರೀಯರು ಕುರಾನನ್ನು ಬಾಯಿಪಾಠವಾಗಿ ಬಲ್ಲವರೆಂದೂ, ಆ ಊರಿನಲ್ಲಿ ಬಾಲಿಕೆಯರಿಗೆ 13, ಬಾಲಕರಿಗೆ 23 ಶಾಲೆಗಳಿದ್ದುವೆಂದೂ ಬರೆದಿದ್ದಾನೆ. ಭಟ್ಕಳದ ನವಾಯತರ ಮನೆಮಾತು ಕೊಂಕಣಿಯ ತಳಹದಿಯ ಮೇಲೆ ಅರಬ್ಬಿ, ಪಾರಸಿ ಪದಗಳನ್ನು ಕೂಡಿಸಿಕೊಂಡಿರುವುದೂ ಗಮನಾರ್ಹ. ಕಡಲ ವ್ಯಾಪಾರದ ಗುರುತನ್ನು ಈ ಮಾತು ಮನೆಯೊಳಗೆ ಇರಿಸಿಕೊಂಡಿದೆ.

ಕುಮಟೆ, ಹೊನ್ನಾವರಗಳ ಹಾಲಕ್ಕಿ ಒಕ್ಕಲು ಸ್ತ್ರೀಯರದು ಅಕ್ಷರದ ಆಸರೆಯೇ ಇಲ್ಲದ ಪರಂಪರೆ. ನಾಟಿಯ ಗದ್ದೆ ಮತ್ತು ಮದುವೆಯ ಚಪ್ಪರವೇ ಅವರ ಹಾಡಿನ ಪಾಠಶಾಲೆ. ನೆರೆಯ ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ದೊರೆತುದು ಈ ಪರಂಪರೆಗೂ ಸಂದ ಮನ್ನಣೆ. 2025ರಲ್ಲಿ ಅವರು ತೀರಿಕೊಂಡರು.

ಇಂಥ ಹಾಡುಗಳಿಂದ ರಾಜರ ಕಾಲನಿರ್ಣಯ ಮಾಡಹೊರಡುವುದು ಅವಿವೇಕ. ಬೆಳೆ, ಬಂಧುತ್ವ, ತವರು, ದುಡಿಮೆ ಇವುಗಳ ವಿಷಯದಲ್ಲಿ ಮಾತ್ರ ಶಾಸನವು ಮೌನವಾಗಿರುವಲ್ಲಿ ಹಾಡು ಮಾತನಾಡುತ್ತದೆ. ಆದುದರಿಂದ ಸಂಗ್ರಾಹಕನು ಪದಗಳ ಜೊತೆಗೆ ಹಾಡಿದವಳ ಊರು, ಸಂದರ್ಭ, ಯಾರಿಂದ ಕಲಿತಳೆಂಬುದು, ಇವನ್ನೂ ಬರೆದಿಡತಕ್ಕದ್ದು. 1943ರಲ್ಲಿ ಸಲೋನಿಕದ ಯೆಹೂದ್ಯರನ್ನು ನಾಜಿಗಳು ಆಶ್‌ವಿಟ್ಸ್‌ಗೆ ಸಾಗಿಸಿ ಬಹುಪಾಲು ಜನರನ್ನು ಕೊಂದಾಗ, ಬರೆದಿಡದ ಹಾಡುಗಳೆಷ್ಟೋ ಹಾಡುವವರೊಡನೆ ಅಳಿದುವು. ನಮ್ಮಲ್ಲಿ ಅಂಥ ಕ್ರೌರ್ಯ ಬೇಕಿಲ್ಲ, ಕೇಳುವವರಿಲ್ಲದಿದ್ದರೆ ಸಾಕು.