ಯುವಕರ ಗಡ್ಡೆಗೆ ಪ್ಲಾಟಿನಂ ಮದ್ದು

2011ರ ವಿಶ್ವಕಪ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐರ್ಲೆಂಡ್ ವಿರುದ್ಧ ಐದು ವಿಕೆಟ್ ಕಿತ್ತು, ಅರ್ಧ ಶತಕವನ್ನೂ ಬಾರಿಸಿದ ಯುವರಾಜ್ ಸಿಂಗ್ ಅವರನ್ನು ಕ್ರಿಕೆಟ್ ಪ್ರಿಯರು ಮರೆತಿರಲಾರರು. ಮರುವರ್ಷ ಅವರು ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. ಎರಡು ಶ್ವಾಸಕೋಶಗಳ ನಡುವೆ ಬೆಳೆದಿದ್ದ ಗಡ್ಡೆಯ ಹೆಸರು ಸೆಮಿನೋಮಾ. ವಿಚಿತ್ರವೆಂದರೆ ಈ ಗಡ್ಡೆಯ ತವರು ಎದೆಯಲ್ಲ, ವೃಷಣ. ವೀರ್ಯಾಣುಗಳಿಗೆ ಮೂಲವಾದ ಬೀಜಕೋಶಗಳು ಹಾದಿ ತಪ್ಪಿ ಬೆಳೆದಾಗ ಹುಟ್ಟುವ ಗಡ್ಡೆ ಇದು. ಅಪರೂಪಕ್ಕೆ ಎದೆಯಲ್ಲೂ ಕಾಣಿಸಿಕೊಳ್ಳುತ್ತದೆ.

ವೃಷಣದ ಕ್ಯಾನ್ಸರುಗಳಲ್ಲಿ ಶೇ 90ಕ್ಕೂ ಹೆಚ್ಚು ಇದೇ ಬೀಜಕೋಶದ ಸಂತತಿ. ವೈದ್ಯರು ಇವನ್ನು ಎರಡು ಕವಲಾಗಿ ನೋಡುತ್ತಾರೆ. ಸೆಮಿನೋಮಾ ಹೆಚ್ಚಾಗಿ ಮೂವತ್ತು, ನಲವತ್ತರ ಪ್ರಾಯದವರದು. ನಿಧಾನವಾಗಿ ಬೆಳೆಯುತ್ತದೆ, ವಿಕಿರಣಕ್ಕೆ ಸುಲಭವಾಗಿ ಮಣಿಯುತ್ತದೆ. ಉಳಿದವು ಇನ್ನೂ ಎಳೆಯರನ್ನು ಹಿಡಿಯುವಂಥವು, ಅವಸರದವು. ಇವುಗಳಲ್ಲಿ ಕೋರಿಯೋಕಾರ್ಸಿನೋಮಾ ಎಂಬುದು ರಕ್ತದ ಮೂಲಕ ಬಹುಬೇಗ ಶ್ವಾಸಕೋಶ, ಮಿದುಳು ಸೇರುತ್ತದೆ. ಯೋಕ್ ಸ್ಯಾಕ್ ಗಡ್ಡೆ ಹಸುಳೆಗಳಲ್ಲೂ ಉಂಟು. ಟೆರಟೋಮಾದೊಳಗೆ ಮೃದ್ವಸ್ಥಿಯಂತಹ ಅಂಗಾಂಶ ಸಿಗುವುದುಂಟು. ಒಂದೇ ಗಡ್ಡೆಯಲ್ಲಿ ಎರಡು ಮೂರು ಬಗೆ ಬೆರೆತಿರುವುದೂ ಸಾಮಾನ್ಯ. ರಕ್ತದಲ್ಲಿ ಎಎಫ್‌ಪಿ ಎಂಬ ಪ್ರೋಟೀನ್ ಏರಿದ್ದರೆ ಅದು ಶುದ್ಧ ಸೆಮಿನೋಮಾ ಅಲ್ಲವೆಂದೇ ಲೆಕ್ಕ.

1970ರ ದಶಕದ ಆರಂಭದವರೆಗೆ ದೇಹವಿಡೀ ಹರಡಿದ ಈ ರೋಗಕ್ಕೆ ಬಹುಪಾಲು ಸಾವೇ ಉತ್ತರವಾಗಿತ್ತು. ಚಿತ್ರ ಬದಲಿಸಿದ್ದು ಒಂದು ಆಕಸ್ಮಿಕ. ಚಿನ್ನದ ನಾಡಾದ ಕೋಲಾರದವರು ಗಮನಿಸಬೇಕು, ಇಲ್ಲಿ ನೆರವಾದ ಲೋಹ ಚಿನ್ನವಲ್ಲ, ಪ್ಲಾಟಿನಂ! ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ತಿನ ಪರಿಣಾಮ ಪರೀಕ್ಷಿಸುತ್ತಿದ್ದ ಬಾರ್ನೆಟ್ ರೋಸೆನ್‌ಬರ್ಗ್, ಅವು ಒಡೆದು ಇಮ್ಮಡಿಯಾಗದೆ ದಾರದಂತೆ ಉದ್ದವಾಗುವುದನ್ನು ಕಂಡರು. ಕಾರಣ ವಿದ್ಯುತ್ತಲ್ಲ, ಪ್ಲಾಟಿನಂ ತಂತಿಯಿಂದ ಕರಗಿದ ಸಂಯುಕ್ತ ಎಂದು 1965ರಲ್ಲಿ ಪ್ರಕಟಿಸಿದರು. ಅದರಿಂದ ಬಂದ ಔಷಧಿ ಸಿಸ್‌ಪ್ಲಾಟಿನ್. ಇಂಡಿಯಾನಾದ ಲಾರೆನ್ಸ್ ಐನ್‌ಹಾರ್ನ್ 1974ರಲ್ಲಿ ಅದನ್ನು ಮತ್ತೆರಡು ಔಷಧಿಗಳೊಡನೆ ಬೆರೆಸಿ ಕೊಟ್ಟಾಗ ಸಾವಿನಂಚಿನ ಯುವಕರು ಎದ್ದು ಕುಳಿತರು. ಯುವರಾಜ್ ಹುಡುಕಿಕೊಂಡು ಹೋದದ್ದು ಇದೇ ಐನ್‌ಹಾರ್ನ್ ಅವರನ್ನು.

ಕೋಲಾರ ತಾಲ್ಲೂಕಿನ ವಕ್ಕಲೇರಿಯ ಯುವಕ ಅಷ್ಟು ದೂರ ಹೋಗಬೇಕಿಲ್ಲ. ಸಿಸ್‌ಪ್ಲಾಟಿನ್ ಭಾರತದಲ್ಲೇ ತಯಾರಾಗುತ್ತದೆ. 1973ರಲ್ಲಿ ಆರಂಭವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಬೆಂಗಳೂರಿನಲ್ಲೇ ಇದೆ. ಅಡ್ಡಿ ದೂರದ್ದಲ್ಲ, ನಾಚಿಕೆಯದು. ನೋವಿಲ್ಲದ ಗಟ್ಟಿ ಗಂಟು, ಭಾರವೆನಿಸುವ ವೃಷಣ, ಇಷ್ಟೇ ಮೊದಲ ಸೂಚನೆ. ನೋವಿಲ್ಲದ್ದನ್ನು ಯಾರಿಗೆ ತೋರಿಸುವುದು? ನೀರು ತುಂಬಿದೆ ಎಂದುಕೊಂಡು ತಿಂಗಳುಗಟ್ಟಲೆ ಸುಮ್ಮನಿರುವವರುಂಟು. ಹುಟ್ಟಿದಾಗ ವೃಷಣ ಕೆಳಗಿಳಿಯದಿದ್ದ ಗಂಡುಮಕ್ಕಳಿಗೆ ಅಪಾಯ ಹೆಚ್ಚು. ಪರೀಕ್ಷೆಗೆಂದು ಚೀಲಕ್ಕೆ ಸೂಜಿ ಚುಚ್ಚಬಾರದು, ರೋಗ ಹರಡೀತು. ತೊಡೆಸಂದಿಯ ಮೂಲಕವೇ ವೃಷಣ ತೆಗೆಯುತ್ತಾರೆ. ಉಳಿದ ಒಂದು ಆರೋಗ್ಯವಾಗಿದ್ದರೆ ಸಾಮಾನ್ಯವಾಗಿ ಸಂಸಾರಕ್ಕೂ ಸಂತಾನಕ್ಕೂ ಸಾಕು. ಆದರೂ ಔಷಧಿ ಆರಂಭಿಸುವ ಮುನ್ನ ವೀರ್ಯ ಶೇಖರಿಸಿಡುವ ಬಗ್ಗೆ ವೈದ್ಯರನ್ನು ಕೇಳುವುದು ಒಳಿತು.