ಐದು ಧ್ವನಿಗಳ ಪ್ರಾಫೆಟ್: ಹಳೆಯ ಸಿಂಥಸೈಸರ್ ಒಂದರ ಕಥೆ



ನಮ್ಮ ಗಾನವೃಂದದ ಕೀಬೋರ್ಡಿನಲ್ಲಿ ನೂರಾರು ಧ್ವನಿಗಳಿವೆ. ಪಿಯಾನೋ, ಆರ್ಗನ್, ಕೊಳಲು, ವಯಲಿನ್ ಎಲ್ಲ ದಾಟಿ ಮುಂದೆ ಹೋದರೆ ‘ಸಿಂಥ್ ಬ್ರಾಸ್’, ‘ಸಿಂಥ್ ಸ್ಟ್ರಿಂಗ್ಸ್’, ‘ಪಾಲಿಸಿಂಥ್’ ಎಂಬ ಹೆಸರುಗಳು ಸಿಗುತ್ತವೆ. ಒಂದು ಸಂಜೆ ಹಾಡಿನ ಅಭ್ಯಾಸ ಮುಗಿದ ಮೇಲೆ ನಮ್ಮ ಕಿರಿಯರಲ್ಲೊಬ್ಬ ಆ ಪಾಲಿಸಿಂಥ್ ಒತ್ತಿ ಹಿಡಿದುಕೊಂಡು ಕೇಳಿದ: “ಅಣ್ಣಾ, ಕೊಳಲಿನ ಧ್ವನಿ ಕೊಳಲಿನದ್ದು. ಇದು ಯಾವ ವಾದ್ಯದ್ದು?” ನಾನು “ಅದು ಕಂಪ್ಯೂಟರ್ ಧ್ವನಿ” ಎಂದು ಹೇಳಿ ಕೀಬೋರ್ಡಿಗೆ ಬಟ್ಟೆ ಹೊದಿಸಿಬಿಟ್ಟೆ.

ಆ ಉತ್ತರ ತಪ್ಪು. ಕೊಳಲಿನ ಹಾಗೆ ಅದೂ ಒಂದು ನಿಜವಾದ ವಾದ್ಯದ ನೆನಪು. ಅಂಥ ವಾದ್ಯಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಪ್ರೀತಿ ಗಳಿಸಿದ್ದು 1978ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ‘ಪ್ರಾಫೆಟ್-5’. ಪ್ರಾಫೆಟ್ ಎಂದರೆ ಪ್ರವಾದಿ. ಅದರ ಕಥೆ ಓದುತ್ತಾ ಹೋದಾಗ ನಮ್ಮ ಕೀಬೋರ್ಡಿನ ಕಥೆಯೂ ಸಿಕ್ಕಿತು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಒಂದು ಸಲಕ್ಕೆ ಒಂದೇ ಸ್ವರ

ಅನಲಾಗ್ ಸಿಂಥಸೈಸರಿನಲ್ಲಿ ಮೊದಲೇ ರೆಕಾರ್ಡ್ ಮಾಡಿದ ಧ್ವನಿ ಇರುವುದಿಲ್ಲ. ಆಸಿಲೇಟರ್ ಎಂಬ ಸರ್ಕ್ಯೂಟ್ ವಿದ್ಯುತ್ತಿನ ಅಲೆಯನ್ನು ಹುಟ್ಟಿಸುತ್ತದೆ. ಫಿಲ್ಟರ್ ಅದರ ಹರಿತವನ್ನು ಬೇಕಾದಷ್ಟು ಕತ್ತರಿಸುತ್ತದೆ. ಆಂಪ್ಲಿಫೈಯರ್ ಅದನ್ನು ಏರಿಸಿ ಇಳಿಸುತ್ತದೆ. ಈ ಮೂರನ್ನೂ ನಡೆಸುವುದು ವೋಲ್ಟೇಜ್. ಸಾಮಾನ್ಯವಾಗಿ ಒಂದು ವೋಲ್ಟ್ ಹೆಚ್ಚಾದರೆ ಶ್ರುತಿ ಒಂದು ಸಪ್ತಕ ಮೇಲೇರುತ್ತದೆ.

ರಾಬರ್ಟ್ ಮೂಗ್ ಅವರ ಕಂಪನಿ 1970ರಲ್ಲಿ ತಂದ ಮಿನಿಮೂಗ್ ಹೀಗೆ ಕೆಲಸ ಮಾಡುತ್ತಿತ್ತು. ಧ್ವನಿ ಅದ್ಭುತ, ಆದರೆ ಒಂದು ಸಲಕ್ಕೆ ಒಂದೇ ಸ್ವರ. ಮೂರು ಬೆರಳಿಟ್ಟು ಸ್ವರಮೇಳ ಬಾರಿಸಲು ಆಗುತ್ತಿರಲಿಲ್ಲ. ಟಾಮ್ ಓಬರ್‌ಹೈಮ್ 1975ರಲ್ಲಿ ನಾಲ್ಕು ಪುಟ್ಟ ಸಿಂಥಸೈಸರ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿ ನಾಲ್ಕು ಸ್ವರ ಹೊರಡಿಸಿದರು. ಆದರೆ ನಾಲ್ಕರ ಗುಂಡಿಗಳನ್ನೂ ಬೇರೆ ಬೇರೆಯಾಗಿ ಒಂದೇ ರೀತಿ ತಿರುಗಿಸಿ ಇಡಬೇಕಿತ್ತು. ವೇದಿಕೆಯ ಮೇಲೆ ಒಂದು ಹಾಡಿನಿಂದ ಇನ್ನೊಂದಕ್ಕೆ ಹೋಗುವಾಗ ಧ್ವನಿ ಬದಲಿಸುವುದು ದೊಡ್ಡ ಫಜೀತಿ. ಯಾವ ಗುಂಡಿ ಎಲ್ಲಿತ್ತು ಎಂದು ಕಲಾವಿದರು ಕಾಗದದ ಮೇಲೆ ಗುರುತು ಹಾಕಿಕೊಳ್ಳುತ್ತಿದ್ದರು.

ನೆನಪಿಟ್ಟುಕೊಳ್ಳುವ ವಾದ್ಯ

ಇಲ್ಲಿಗೆ ಡೇವ್ ಸ್ಮಿತ್ ಬರುತ್ತಾರೆ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಮತ್ತು ಎಲೆಕ್ಟ್ರಾನಿಕ್ಸ್ ಓದಿದ ಹುಡುಗ. 1972ರಲ್ಲಿ ಒಂದು ಮಿನಿಮೂಗ್ ಕೊಂಡರು, ಅದಕ್ಕೆ ಜೋಡಿಸುವ ಉಪಕರಣಗಳನ್ನು ತಾವೇ ತಯಾರಿಸಿದರು, 1974ರಲ್ಲಿ ‘ಸೀಕ್ವೆನ್ಶಿಯಲ್ ಸರ್ಕಿಟ್ಸ್’ ಎಂಬ ಪುಟ್ಟ ಕಂಪನಿ ಕಟ್ಟಿದರು. ಆಗ ಎರಡು ಹೊಸ ವಸ್ತುಗಳು ಮಾರುಕಟ್ಟೆಗೆ ಬಂದಿದ್ದವು. ಒಂದು, ಇಡೀ ಆಸಿಲೇಟರನ್ನೋ ಫಿಲ್ಟರನ್ನೋ ಒಳಗೊಂಡ ಚಿಪ್. ಇನ್ನೊಂದು, ಅಗ್ಗದ ಮೈಕ್ರೋಪ್ರೊಸೆಸರ್. ಎರಡನ್ನೂ ಸೇರಿಸಿದರೆ ಗುಂಡಿಗಳ ಸ್ಥಾನವನ್ನು ಕಂಪ್ಯೂಟರೇ ನೆನಪಿಟ್ಟುಕೊಳ್ಳಬಹುದಲ್ಲ? ಇಷ್ಟು ಸರಳವಾದ ಯೋಚನೆ ದೊಡ್ಡ ಕಂಪನಿಗಳಿಗೆ ಹೊಳೆದಿರಲೇಬೇಕು ಎಂದುಕೊಂಡು ಅವರು ಸ್ವಲ್ಪ ಕಾಲ ಕಾದರಂತೆ. ಯಾರೂ ಮಾಡಲಿಲ್ಲ. 1977ರಲ್ಲಿ ತಾವೇ ಕೈಹಾಕಿದರು. ಆಗ ಅವರಿಗೆ 27 ವರ್ಷ, ನಮ್ಮಲ್ಲಿ ಹಲವರ ವಯಸ್ಸು.

ಜಾನ್ ಬೋವೆನ್ ಅವರ ಜೊತೆ ಸೇರಿ ರೂಪಿಸಿದ ಈ ವಾದ್ಯವನ್ನು 1978ರ ಜನವರಿಯಲ್ಲಿ ಅಮೆರಿಕದ ‘ನ್ಯಾಮ್’ ಸಂಗೀತ ವಾದ್ಯಗಳ ಮೇಳದಲ್ಲಿ ತೋರಿಸಿದರು. ಮೊದಲು ಹತ್ತು ಧ್ವನಿಗಳ ವಾದ್ಯ ಮಾಡುವ ಪ್ರಯತ್ನವಿತ್ತು. ಅದು ವಿಪರೀತ ಬಿಸಿಯಾಗುತ್ತಿತ್ತು, ಅರ್ಧ ತೆಗೆದು ಐದಕ್ಕೆ ಇಳಿಸಿದರು. ಮರದ ಚೌಕಟ್ಟು, 61 ಕೀಗಳು, ಒಳಗೆ ಝಡ್-80 ಪ್ರೊಸೆಸರ್. ಬೆಲೆ ಸುಮಾರು 4,000 ಡಾಲರ್. ಇಷ್ಟದ ಧ್ವನಿ ಸಿಕ್ಕಿದಾಗ ಗುಂಡಿ ಒತ್ತಿ ಉಳಿಸಬಹುದಿತ್ತು, ಅಂಥ 40 ಧ್ವನಿಗಳಿಗೆ ಜಾಗವಿತ್ತು. ಫಲಕದ ಎಲ್ಲ ಗುಂಡಿಗಳನ್ನೂ ನೆನಪಿಡುವ ಮೊದಲ ಪಾಲಿಫೋನಿಕ್ ಸಿಂಥಸೈಸರ್ ಎಂದು ಇತಿಹಾಸದಲ್ಲಿ ಅದಕ್ಕೆ ಹೆಸರು. ಇಂದು ನಾವು ಬಲಿಪೂಜೆಗೆ ಮುಂಚೆ ಪ್ರವೇಶ ಗೀತೆಗೆ ಒಂದು, ಕಾಣಿಕೆ ಗೀತೆಗೆ ಒಂದು ಧ್ವನಿ ಸೇವ್ ಮಾಡಿಡುತ್ತೇವಲ್ಲ, ಆ ಅಭ್ಯಾಸದ ಬೇರು ಅಲ್ಲಿದೆ.

ಸ್ವಲ್ಪ ಬೇಸುರವೇ ಸೊಗಸು

ಆದರೆ ಜನ ಅದನ್ನು ಪ್ರೀತಿಸಿದ್ದು ಕೇವಲ ನೆನಪಿನ ಶಕ್ತಿಗಾಗಿ ಅಲ್ಲ. ನೆನಪು ಕಂಪ್ಯೂಟರಿನದ್ದು, ಧ್ವನಿ ಮಾತ್ರ ಕಂಪ್ಯೂಟರಿನದ್ದಲ್ಲ. ಆ ಐದು ಧ್ವನಿಗಳು ಐದು ಪ್ರತ್ಯೇಕ ಸರ್ಕ್ಯೂಟ್‌ಗಳು, ಒಂದೊಂದರಲ್ಲೂ ಎರಡು ಆಸಿಲೇಟರ್. ಒಟ್ಟು ಹತ್ತು ಆಸಿಲೇಟರ್‌ಗಳು. ಬಿಡಿಭಾಗಗಳು ಎಷ್ಟೇ ಒಳ್ಳೆಯವಾದರೂ ಒಂದರಂತೆ ಇನ್ನೊಂದು ಇರುವುದಿಲ್ಲ. ಟ್ರಾನ್ಸಿಸ್ಟರ್ ಬಿಸಿಯಾದಂತೆ ಅದರ ವರ್ತನೆಯೂ ಬದಲಾಗುತ್ತದೆ. ವೋಲ್ಟೇಜಿನಲ್ಲಿ ಒಂದು ಮಿಲಿವೋಲ್ಟ್ ಆಚೀಚೆಯಾದರೂ ಶ್ರುತಿ ಕೂದಲೆಳೆಯಷ್ಟು ಸರಿಯುತ್ತದೆ.

ಪಿಯುಸಿ ಲ್ಯಾಬಿನಲ್ಲಿ ಎರಡು ಟ್ಯೂನಿಂಗ್ ಫೋರ್ಕ್ ಬಾರಿಸಿದ್ದು ನೆನಪಿದೆಯೇ? ಒಂದು ಸೆಕೆಂಡಿಗೆ 440 ಸಲ, ಇನ್ನೊಂದು 441 ಸಲ ಕಂಪಿಸಿದರೆ, ಸೆಕೆಂಡಿಗೆ ಒಂದು ಸಲ ಧ್ವನಿ ಉಬ್ಬಿ ಇಳಿಯುತ್ತದೆ. ಬೀಟ್ಸ್ ಎನ್ನುತ್ತೇವೆ. ಹತ್ತು ಆಸಿಲೇಟರ್‌ಗಳು ಇಂಥ ಸಣ್ಣ ಸಣ್ಣ ವ್ಯತ್ಯಾಸ ಇಟ್ಟುಕೊಂಡು ಒಟ್ಟಿಗೆ ಹಾಡಿದಾಗ ಹಿಡಿದಿಟ್ಟ ಒಂದು ಸ್ವರಮೇಳವೂ ನಿಂತ ನೀರಾಗುವುದಿಲ್ಲ, ಒಳಗೊಳಗೇ ಅಲುಗುತ್ತಿರುತ್ತದೆ. ನಮ್ಮ ಗಾನವೃಂದದಲ್ಲಿ ಐದು ಜನ ಒಂದೇ ಸ್ವರ ಹಾಡಿದಾಗ ಆಗುವುದೂ ಇದೇ. ಒಬ್ಬನ ಧ್ವನಿಯನ್ನು ಐದು ಸಲ ನಕಲು ಮಾಡಿದರೆ ಅದು ಗಾನವೃಂದವಾಗುವುದಿಲ್ಲ, ಒಬ್ಬನೇ ಜೋರಾಗಿ ಹಾಡಿದಂತಿರುತ್ತದೆ.

ವ್ಯತ್ಯಾಸ ಮಿತಿಮೀರಿದರೆ? ಅದಕ್ಕೆ ‘ಟ್ಯೂನ್’ ಎಂಬ ಗುಂಡಿ ಇತ್ತು. ಒತ್ತಿದರೆ ಕಂಪ್ಯೂಟರ್ ಒಂದೊಂದೇ ಆಸಿಲೇಟರನ್ನು ಅಳೆದು ಸಾಲಿಗೆ ತರುತ್ತಿತ್ತು. ಮೊದಲ ಮಾದರಿಗಳು ಬೇಗ ಶ್ರುತಿ ತಪ್ಪುತ್ತಿದ್ದವು. 1980ರ ಮೂರನೇ ಮಾದರಿಯಲ್ಲಿ ಡಗ್ ಕರ್ಟಿಸ್ ರೂಪಿಸಿದ ಬೇರೆ ಚಿಪ್‌ಗಳನ್ನು ಹಾಕಿ ಅದನ್ನು ಸ್ಥಿರಗೊಳಿಸಿದರು.

ಫಿಲ್ ಕಾಲಿನ್ಸ್ ಅವರ 1981ರ ‘ಇನ್ ದಿ ಏರ್ ಟುನೈಟ್’ ಹಾಡಿನ ಹಿಂದಿರುವ ಮಂಕಾದ ಸ್ವರಮೇಳ, ಅದೇ ವರ್ಷದ ಜಾನ್ ಕಾರ್ಪೆಂಟರ್ ಅವರ ‘ಎಸ್ಕೇಪ್ ಫ್ರಮ್ ನ್ಯೂಯಾರ್ಕ್’ ಚಿತ್ರದ ಸಂಗೀತ, ಜಪಾನಿನ ರ್ಯೂಇಚಿ ಸಕಾಮೊಟೊ ಅವರ ಹಲವು ಕೃತಿಗಳು, ಇವೆಲ್ಲದರಲ್ಲೂ ಪ್ರಾಫೆಟ್-5 ಇದೆ. ಪೈಪೋಟಿಗೆ ಜಪಾನಿನ ರೋಲ್ಯಾಂಡ್ ಕಂಪನಿ 1981ರಲ್ಲಿ ಎಂಟು ಧ್ವನಿಗಳ ಜುಪಿಟರ್-8 ತಂದಿತು. ನಮ್ಮ ದೇಶದಲ್ಲಿ, ಮುಂಬಯಿಯ ಚರಣ್‌ಜಿತ್ ಸಿಂಗ್ ಅದನ್ನು ಬಳಸಿ 1982ರಲ್ಲಿ ಹತ್ತು ರಾಗಗಳ ಒಂದು ಆಲ್ಬಮ್ಮನ್ನೇ ಮಾಡಿದರು.

ಸೋತ ವರ್ಷವೇ ಕೊಟ್ಟ ವರ್ಷ

1983ರಲ್ಲಿ ಯಮಹಾ ಕಂಪನಿ ಡಿಎಕ್ಸ್-7 ಬಿಡುಗಡೆ ಮಾಡಿತು. ಪೂರ್ತಿ ಡಿಜಿಟಲ್. ಐದಲ್ಲ, 16 ಸ್ವರ. ಬೆಲೆ ಪ್ರಾಫೆಟಿನ ಅರ್ಧದಷ್ಟು. ಬಿಸಿಯಾದರೂ ಚಳಿಯಾದರೂ ಶ್ರುತಿ ಅಲ್ಲಾಡುವುದಿಲ್ಲ. ಪ್ರಾಫೆಟ್-5 ಮಾರಾಟವಾಗಿದ್ದು ಕೆಲವೇ ಸಾವಿರ, ಡಿಎಕ್ಸ್-7 ಲಕ್ಷಕ್ಕೂ ಮೀರಿ. 1984ರಲ್ಲಿ ಪ್ರಾಫೆಟ್-5 ನಿಂತಿತು. 1987ರಲ್ಲಿ ಸ್ಮಿತ್ ಅವರ ಕಂಪನಿ ಯಮಹಾದ ಪಾಲಾಯಿತು, ಸ್ವಲ್ಪ ಕಾಲದಲ್ಲೇ ಮುಚ್ಚಿಹೋಯಿತು. ಹಳೆಯ ಅನಲಾಗ್ ವಾದ್ಯಗಳು ಸೆಕೆಂಡ್ ಹ್ಯಾಂಡ್ ಅಂಗಡಿ ಸೇರಿದವು.

ಇಷ್ಟೇ ಆಗಿದ್ದರೆ ಇದು ಸೋತವರ ಕಥೆ. ಆದರೆ ಅದೇ 1983ರ ಜನವರಿಯಲ್ಲಿ, ನ್ಯಾಮ್ ಮೇಳದಲ್ಲೇ, ಇನ್ನೊಂದು ಸಂಗತಿ ನಡೆದಿತ್ತು. ಸ್ಮಿತ್ ಅವರ ಪ್ರಾಫೆಟ್-600 ಮತ್ತು ಪೈಪೋಟಿಯ ಕಂಪನಿಯಾದ ರೋಲ್ಯಾಂಡಿನ ಜುಪಿಟರ್-6, ಇವೆರಡನ್ನೂ ಒಂದು ಕೇಬಲ್ಲಿನಿಂದ ಜೋಡಿಸಿದರು. ಒಂದನ್ನು ಬಾರಿಸಿದರೆ ಇನ್ನೊಂದೂ ನುಡಿಯಿತು. ಅದೇ ‘ಮಿಡಿ’. ವಾದ್ಯಗಳಿಗೆಲ್ಲ ಒಂದು ಸಾಮಾನ್ಯ ಭಾಷೆ ಬೇಕೆಂದು ಸ್ಮಿತ್ ಮತ್ತು ಚೆಟ್ ವುಡ್ 1981ರಲ್ಲೇ ಒಂದು ಪ್ರಬಂಧ ಮಂಡಿಸಿದ್ದರು. ರೋಲ್ಯಾಂಡಿನ ಸ್ಥಾಪಕ ಇಕುಟಾರೊ ಕಾಕೆಹಾಶಿ ಮತ್ತು ಇತರ ಜಪಾನಿ ಕಂಪನಿಗಳು ಕೈಜೋಡಿಸಿದವು. ಬಳಸುವವರಿಂದ ಪರವಾನಗಿ ಶುಲ್ಕ ಕೇಳಲಿಲ್ಲ, ಯಾವ ಕಂಪನಿ ಬೇಕಾದರೂ ಬಳಸಬಹುದಿತ್ತು. ಸ್ಮಿತ್ ಅವರನ್ನು ಹಿಂದಿಕ್ಕಿದ ಡಿಎಕ್ಸ್-7 ಕೂಡ ಮಿಡಿ ಹೊತ್ತೇ ಬಂದಿತು. 2013ರಲ್ಲಿ ಸ್ಮಿತ್ ಮತ್ತು ಕಾಕೆಹಾಶಿ ಇಬ್ಬರಿಗೂ ಇದಕ್ಕಾಗಿ ತಾಂತ್ರಿಕ ಗ್ರ್ಯಾಮಿ ಗೌರವ ಸಂದಿತು.

ಮತ್ತೆ ಬಂದ ಪ್ರಾಫೆಟ್

ಕಾಲ ಕಳೆದಂತೆ ಜನರಿಗೆ ಹಳೆಯ ಧ್ವನಿಯ ನೆನಪು ಕಾಡತೊಡಗಿತು. ರೇಡಿಯೋಹೆಡ್ ತಂಡ 2000ದ ತನ್ನ ‘ಕಿಡ್ ಎ’ ಆಲ್ಬಮ್ಮಿಗೆ ಪ್ರಾಫೆಟ್-5 ಬಳಸಿತು. 2002ರಲ್ಲಿ ಸ್ಮಿತ್ ತಮ್ಮದೇ ಹೆಸರಿನ ಹೊಸ ಕಂಪನಿ ಆರಂಭಿಸಿದರು. 2015ರಲ್ಲಿ ಯಮಹಾ ‘ಸೀಕ್ವೆನ್ಶಿಯಲ್’ ಹೆಸರನ್ನು ಅವರಿಗೆ ಹಿಂದಿರುಗಿಸಿತು. ಹಾಗೆ ಮಾಡುವಂತೆ ಯಮಹಾವನ್ನು ಒತ್ತಾಯಿಸಿದವರು ಯಾರು ಗೊತ್ತೇ? ಹಳೆಯ ಪೈಪೋಟಿಗಾರ ಕಾಕೆಹಾಶಿ.

2020ರಲ್ಲಿ ಪ್ರಾಫೆಟ್-5ರ ನಾಲ್ಕನೇ ಮಾದರಿ ಬಂತು. ಈಗ ಅದನ್ನು ಗಟ್ಟಿಯಾಗಿ ಶ್ರುತಿಯಲ್ಲಿ ನಿಲ್ಲಿಸುವುದು ಕಷ್ಟವೇ ಅಲ್ಲ. ಆದರೆ ಅದರ ಮುಖದ ಮೇಲೆ ‘ವಿಂಟೇಜ್’ ಎಂಬ ಹೊಸ ಗುಂಡಿಯೊಂದಿದೆ. ತಿರುಗಿಸಿದಂತೆ ಐದು ಧ್ವನಿಗಳು ಪರಸ್ಪರ ಸ್ವಲ್ಪ ಸ್ವಲ್ಪವೇ ಬೇರೆಯಾಗುತ್ತಾ 1978ರ ಮೊದಲ ಮಾದರಿಯ ಹಾಗೆ ಅಲುಗತೊಡಗುತ್ತವೆ. ಅಂದು ದೋಷವೆಂದು ತಿದ್ದಿದ್ದನ್ನೇ ಇಂದು ದುಡ್ಡು ಕೊಟ್ಟು ಮರಳಿ ಪಡೆಯುತ್ತಿದ್ದಾರೆ! ಓದಿದಾಗ ನಗು ಬಂತು. ಆಮೇಲೆ, ಹಾಡುವಾಗ ಧ್ವನಿ ಸರಿಹೊಂದುವುದಿಲ್ಲ ಎಂದು ನಾವು ಹಿಂದಿನ ಸಾಲಿಗೆ ಕಳಿಸಿದ ಒಂದಿಬ್ಬರ ನೆನಪಾಯಿತು.

ಡೇವ್ ಸ್ಮಿತ್ 2022ರ ಮೇ 31ರಂದು ತೀರಿಕೊಂಡರು, 72ನೇ ವಯಸ್ಸಿನಲ್ಲಿ.

ಮುಂದಿನ ಅಭ್ಯಾಸಕ್ಕೆ ಬಂದಾಗ ನಮ್ಮ ಕೀಬೋರ್ಡಿನ ಹಿಂಬದಿ ನೋಡಿ. ಐದು ಪುಟ್ಟ ತೂತುಗಳ ಒಂದು ದುಂಡಗಿನ ಸಾಕೆಟ್ ಇದೆ, ಪಕ್ಕದಲ್ಲಿ ಮಿಡಿ ಎಂದು ಬರೆದಿದೆ. ಹೊಸ ಕೀಬೋರ್ಡುಗಳಲ್ಲಿ ಆ ತೂತು ಇಲ್ಲದಿದ್ದರೂ ಯುಎಸ್‌ಬಿ ತಂತಿಯೊಳಗೆ ಅದೇ ಭಾಷೆ ಹರಿಯುತ್ತದೆ. ಆ ಹುಡುಗನಿಗೆ ನಾನು ಸರಿಯಾದ ಉತ್ತರ ಕೊಡುವುದು ಇನ್ನೂ ಬಾಕಿಯಿದೆ. ಈ ಭಾನುವಾರ ಬಟ್ಟೆ ಹೊದಿಸುವ ಮೊದಲು ಅವನನ್ನು ಕರೆದು, ಪಾಲಿಸಿಂಥ್ ಹಾಕಿ, ಒಂದು ಸ್ವರಮೇಳ ಹಿಡಿದು ಕೇಳಿಸುತ್ತೇನೆ. ನೀವೂ ಬನ್ನಿ.